ಸೌ. ಎಡಕ್ಕೆ ಒಂದಕ್ಷರ

೨೦೨೫ರ ಮಾರ್ಚ್ ೧೦, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಥಣಿ ಠಾಣೆಗೆ ಬಂದ ದೂರುದಾರರು ತೋರಿಸಿದ ಕುರ್ಚಿಯಲ್ಲಿ ಕೂರಲಿಲ್ಲ. ಎದೆಗವಚಿಕೊಂಡು ತಂದಿದ್ದ ನಾಲ್ಕು ಪುಸ್ತಕಗಳನ್ನು ಇನ್ಸ್‌ಪೆಕ್ಟರ್ ಬಸವಂತ ಮಗದುಮ್ಮರ ಮೇಜಿನ ಮೇಲಿಟ್ಟರು. ನಾಲ್ಕೂ ಒಂದೇ ಪುಸ್ತಕದ ಪ್ರತಿಗಳು.

“ನೋಡಿ ಸಾರ್. ಬೀಗ ಮುರಿದು ನುಗ್ಗಿದ್ದಾರೆ. ಯಾವುದೋ ಪಕ್ಷದ ಹುಡುಗರ ಕಿತಾಪತಿ.”

“ಏನ್ ಕಳುವಾಗೇತ್ರಿ?”

“ಕಳುವು ಇಲ್ಲ. ಬರೆದು ಹೋಗಿದ್ದಾರೆ.”

“ಮತ್ತ ನೀವು ಇವನ್ನ ಕೂಸಿನಂಗ ಅಪ್ಪಿಕೊಂಡು ತಂದೀರಿ. ಬೆರಳಚ್ಚು ಈಗ ನಿಮ್ಮವ ಸಿಗ್ತಾವು.”

ದೂರುದಾರರು ಥಟ್ಟನೆ ಕೈ ಹಿಂದೆಗೆದುಕೊಂಡರು. ಅವರ ಹೆಸರು ಚೆಲುವೇಗೌಡ, ಹಾಸನದ ಕಡೆಯವರು. ಎರಡು ವರ್ಷದಿಂದ ಊರಿನ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕರು. ಹಿಂದಿನ ವರ್ಷ ಅಚ್ಚಾದ ಪುಸ್ತಕಗಳಿಗೆ ‘ಗಡಿಸೀಮೆ ಸಾಹಿತ್ಯ ಬಳಗ’ ಕೊಡುವ ಪ್ರಶಸ್ತಿಗೆ ಈ ಸಲ ಅವರೇ ಸಂಚಾಲಕರು. ಸ್ಪರ್ಧೆಗೆ ಬಂದ ಪುಸ್ತಕಗಳೆಲ್ಲ ಬಳಗದ ಕೋಣೆಯಲ್ಲಿದ್ದವು. ಒಬ್ಬೊಬ್ಬರು ನಾಲ್ಕು ಪ್ರತಿ ಕಳಿಸಬೇಕು.

ಬಸವಂತ ಕರವಸ್ತ್ರದ ತುದಿಯಿಂದ ಒಂದು ಪ್ರತಿಯ ಹೊದಿಕೆ ತೆರೆದರು. ‘ಕಡ್ಡಿ ಬಿಡಿಸೂಮುಂದ’, ಕತೆಗಳು. ಕೆಳಗೆ: ಸೌ. ಗೌರಾಬಾಯಿ ಬಾಬಾಸಾಹೇಬ ಖೋತ, ತೆಲಸಂಗ. ಆ ‘ಸೌ.’ ಎಡಕ್ಕೆ ನೀಲಿ ಬಾಲ್‌ಪೆನ್ನಿನಲ್ಲಿ, ಅಚ್ಚಿನ ಸಾಲಿಗೆ ಹೊಂದುವಂತೆ, ಯಾರೋ ನಿಧಾನವಾಗಿ ಒಂದಕ್ಷರ ಬರೆದು ಚುಕ್ಕೆ ಇಟ್ಟಿದ್ದರು. ಕೈ. ನಾಲ್ಕೂ ಪ್ರತಿಗಳಲ್ಲಿ ಅದೇ.

“ಕೈ ಅಂದ್ರೆ ಯಾವ ಪಕ್ಷ ಅಂತ ನಾನು ಹೇಳಬೇಕಾ ಸಾರ್? ಪಂಚಾಯ್ತಿ ಎಲೆಕ್ಷನ್ ಬೇರೆ ಹತ್ರ ಬರ್ತಿದೆ.”

ಹೆಡ್ ಕಾನ್ಸ್‌ಟೇಬಲ್ ಸಿದರಾಯ ಬಗ್ಗಿ ನೋಡಿದ. “ಗೌಡ್ರ, ಈ ಕಡೆ ಲಗ್ನಪತ್ರಿಕಿ ಬಂದ್ರ ನೀವು ಊಟದ ಯಾಳೆ ಅಷ್ಟ ನೋಡ್ತೀರಿ ಕಾಣತೈತಿ.”

“ಯಾಕ್ರೀ?”

ಬಸವಂತ ಹೇಳಿದರು. ಅವರು ರಾಯಬಾಗದವರು; ಅವರ ಮದುವೆಯ ಪತ್ರಿಕೆಯಲ್ಲಿ ತಾಯಿಯ ಹೆಸರು ಹಾಗೆಯೇ ಅಚ್ಚಾಗಿತ್ತು. ಗಂಡ ಇದ್ದಾಕೆಯ ಹೆಸರಿಗೆ ‘ಸೌ.’, ಸೌಭಾಗ್ಯವತಿ. ಸತ್ತವರಿಗೆ ‘ಕೈ.’, ಕೈಲಾಸವಾಸಿ. ಗಂಡ ಬದುಕಿರುವಾಗಲೇ ಸತ್ತಾಕೆಗೆ ಎರಡೂ.

ಚೆಲುವೇಗೌಡರು ಈಗ ಕುರ್ಚಿಯಲ್ಲಿ ಕೂತರು. “ಆದ್ರೆ ಅವರು ಬದುಕಿದ್ದಾರೆ ಸಾರ್! ಬದುಕಿರೋರ ಪುಸ್ತಕ ಮಾತ್ರ ತಗೊಳ್ಳೋದು ನಾವು. ಕೊನೇ ಮೂರರಲ್ಲಿ ಇದೂ ಇದೆ. ಬರೋ ಭಾನುವಾರ ಘೋಷಣೆ.”

“ಅವರನ್ನ ನೋಡೀರೇನು?”

“ಇಲ್ಲ.”

“ದನಿ ಕೇಳೀರೇನು?”

“ಅದೂ ಇಲ್ಲ. ಫೋನ್ ಮಾಡಿದ್ರೆ ಯಜಮಾನ್ರೇ ಎತ್ತೋದು.”

ಸಿದರಾಯನ ಮುಖದಲ್ಲಿ ನಗೆ ಉಳಿದಿರಲಿಲ್ಲ. “ಬದುಕಿದಾಕಿ ಹೆಸರಿನ ಮುಂದ ಇದನ್ನ ಬರದ್ರ, ನಿನ್ನ ಹೆಣಾ ಎತ್ತತೀನಿ ಅಂದಂಗ ಆತ್ರಿ ಸಾಹೇಬ್ರ.”

ಅತಿಕ್ರಮ ಪ್ರವೇಶ ಮತ್ತು ಆಸ್ತಿಹಾನಿಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಕಾನ್ಸ್‌ಟೇಬಲ್ ದಾನೇಶ್ವರಿ ಠಾಣೆಯ ಫೋನಿನಿಂದ ಲೇಖಕಿಯ ನಂಬರಿಗೆ ಕರೆ ಮಾಡಿದಳು. ಎತ್ತಿದ್ದು ಗಂಡಸು. ಗೌರಾಬಾಯಿಯವರ ಹತ್ತಿರ ಮಾತಾಡಬೇಕಿತ್ತು ಎಂದದ್ದಕ್ಕೆ, “ಹೊಲಕ್ಕ ಹೋಗ್ಯಾಳ್ರಿ” ಎಂದು ಇಟ್ಟುಬಿಟ್ಟಿತು ಆ ದನಿ.

ಮಧ್ಯಾಹ್ನ ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಚಹಾದ ಅಂಗಡಿಯ ಮೇಲಿನ ಒಂದು ಕೋಣೆ. ಬೀಗ ಮುರಿದಿರಲಿಲ್ಲ. ಬಾಗಿಲ ಕೊಂಡಿಯ ಸ್ಕ್ರೂ ಬಿಚ್ಚಿ ಒಳಗೆ ಬಂದವನು, ಹೋಗುವಾಗ ತಿರುಗಿ ಹಾಕಿದ್ದ. ಒಂದು ಸ್ಕ್ರೂ ಮಾತ್ರ ಇರಲಿಲ್ಲ. ಆ ತೂತಿಗೆ ಬೇವಿನ ಕಡ್ಡಿ ತುರುಕಿದ್ದ. ಬೆಳಿಗ್ಗೆ ಚೆಲುವೇಗೌಡರು ಬೀಗ ಹಿಡಿದಾಗ ಕೊಂಡಿ ಸಡಿಲಾಗಿ ಕೈಗೇ ಬಂದಿತ್ತು. ಒಳಗೆ ಬಂದವನು ಒಂದು ಕುರ್ಚಿಯನ್ನು ಬೆಳಕಿಗೆಂದು ಕಿಟಕಿಯ ಹತ್ತಿರ ಎಳೆದಿದ್ದ. ಉಳಿದ ಪುಸ್ತಕಗಳ ಮೇಲಿನ ಧೂಳು ಕೂಡ ಅಲುಗಿರಲಿಲ್ಲ.

“ಇಂಥಾ ಮರ್ಯಾದಿ ಕಳ್ಳನ್ನ ನಾ ನೋಡಿಲ್ಲ ಬಿಡ್ರಿ,” ಎಂದ ಸಿದರಾಯ.

ಕೆಳಗಿನ ಚಹಾದವನನ್ನು ವಿಚಾರಿಸಲಾಯಿತು.

“ಯಾರರೆ ಹೊಸಬರು ಬಂದಿದ್ರೇನು?”

“ಒಬ್ಬಾಂವ ಬಂದಿದ್ದಾರಿ. ಶುಕ್ರವಾರ, ಶನಿವಾರ ಎರಡೂ ದಿನ ಮ್ಯಾಲಿನ ಕೋಣಿಗೆ ಹತ್ತೂ ಪಾವಟಿಗಿ ಮ್ಯಾಲ ಕುಂತಿದ್ದ. ಬಿಳಿ ಟೊಪಗಿ. ಅಂಗಿ ದ್ರಾಕ್ಷಿಗೆ ಹೊಡಿಯೂ ಎಣ್ಣೀ ನಾತ ಹೊಡೀತಿತ್ತು. ನೀರ ಕೊಟ್ಟೆ, ಕುಡದ. ಯಾರ ಬೇಕ್ರಿ ಅಂದೆ. ‘ಯಾರೂ ಇಲ್ರಿ’ ಅಂದ.”

“ಭಾನುವಾರ?”

“ಅವತ್ತ ಅಂಗಡಿ ಬಂದ್ ಇರತೈತ್ರಿ.”

ಕೊನೆಯ ಮೂವರಲ್ಲಿ ಇನ್ನೊಬ್ಬ ಕಾಗವಾಡದ ಜವಳಿ ವ್ಯಾಪಾರಿ ಅಭಿನಂದನ. ಕವಿತೆ ಬರೆಯುವವನು. ಗೌರಾಬಾಯಿ ಸ್ಪರ್ಧೆಯಿಂದ ಹೊರಬಿದ್ದರೆ ಅವನಿಗೆ ದಾರಿ ಸುಗಮ. ಕರೆ ಹೋದೊಡನೆ ಬೈಕ್ ಹತ್ತಿ ಬಂದ.

“ಭಾನುವಾರ ಎಲ್ಲಿದ್ರಿ?”

“ಅಂಗಡ್ಯಾಗ್ರಿ. ಮದವಿ ಜವಳಿ ಸೀಜನ್ನು. ಹತ್ತ ಮಂದಿ ಸಾಕ್ಷಿ ಕೊಡ್ತೀನಿ, ಹತ್ತೂ ಮಂದಿ ಸೀರಿ ತಗೊಳ್ಳದ ಹೋದವರು.”

“ಆಕಿ ಹೊರಗ ಬಿದ್ರ ಲಾಭ ನಿಮಗ.”

“ಲಾಭ?” ಅಭಿನಂದನ ನಕ್ಕ. “ಪ್ರತಿ ವರ್ಷ ಪುಸ್ತಕ ಕಳಸ್ತೀನ್ರಿ ಸಾಹೇಬ್ರ. ಪ್ರಶಸ್ತಿ ಬರತೈತಂತ ಅಲ್ಲ. ಮನ್ಯಾಗ ಯಾರೂ ಓದೂದಿಲ್ಲ. ಸ್ಪರ್ಧಾಕ ಕಳಸಿದ್ರ ತೀರ್ಪು ಕೊಡೂ ಮೂರ ಮಂದಿ ಓದಲೇಬೇಕಲ್ರಿ, ಅವರ ಹಣೆಬರಾ. ಅದ ಲಾಭ.”

“ಗೌರಾಬಾಯಿ ಗೊತ್ತೇನು?”

“ಅಭಿನಂದನಾ ಹೇಳೂಣಂತ ಮೂರ ಸಲ ಫೋನ್ ಮಾಡೇನಿ. ಮೂರೂ ಸಲ ಹೊಲದಾಗ! ಅಷ್ಟ ಹೊಲಾ ಮಾಡಾಕಿ ಯಾವಾಗ ಬರದಾಳೋ ಏನೋ. ಕಡೀ ಸಲ, ಗುರುವಾರ, ಆಕಿ ಗಂಡಗ ಹೇಳಿದೆ: ‘ನನಗೂ ವಯಸ್ಸಾತು, ಇದ ಕಡೀ ಪುಸ್ತಕ, ಇನ್ನ ಬರಿಯೂದಿಲ್ಲ. ಅಕ್ಕಾರಿಗೇ ಬರ್ಲಿ’. ಆ ಮನಶ್ಯಾ ಫೋನ್ ಇಟ್ಟಾನಂತ ತಿಳದೆ. ಆಮ್ಯಾಲ ‘ಊಟ ಮಾಡೀರೇನ್ರಿ?’ ಅಂದ.”

ಬಸವಂತ ಟೊಪ್ಪಿಗೆ ಎತ್ತಿಕೊಂಡರು. ಎಲ್ಲರಿಗೂ ಹೊಲದಲ್ಲಿರುವ ಹೆಂಗಸು, ದನಿ ಕೇಳಿದವರಿಲ್ಲ, ಹೆಸರಿನ ಮುಂದೆ ‘ಕೈ.’. ಆಕೆಗೆ ಏನೋ ಆಗಿರಬಹುದು ಎಂಬ ಸಂಶಯ ಇಬ್ಬರಿಗೂ ಬಂದಿತ್ತು. ಸಿದರಾಯ ಜೀಪನ್ನು ಎಂದಿಗಿಂತ ಜೋರಾಗಿ ಓಡಿಸಿದ.

ತೆಲಸಂಗ ಮುಟ್ಟಿದಾಗ ಸಂಜೆ ಐದು. ಊರಾಚೆ ಹಸಿರು ಪರದೆ ಕಟ್ಟಿದ ಒಣದ್ರಾಕ್ಷಿ ಶೆಡ್ಡುಗಳು. ಖೋತರ ಶೆಡ್ಡಿನ ನೆರಳಲ್ಲಿ ಹೆಂಗಸರು ತಾಡಪತ್ರಿಯ ಮೇಲೆ ಕೂತು ದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದರು. ಖಾಕಿ ಕಂಡು ಹಿರಿಯಳು ಮಂಗಲ ಎದ್ದು ಬಂದಳು.

“ಗೌರಾಬಾಯಿ ಎಲ್ಲೆದಾರ?”

“ಯಾವ ಗೌರಾಬಾಯ್ರಿ?”

“ಬಾಬಾಸಾಹೇಬರ ಹೆಂಡತಿ.”

ಮಂಗಲ ಇನ್ಸ್‌ಪೆಕ್ಟರರ ಮುಖವನ್ನೇ ನೋಡಿದಳು. “ಆಕಿ ದಸರಾ ಮುಂದ ತೀರಿಕೊಂಡ್ಳಲ್ರಿ, ಯಪ್ಪಾ. ನಿಮಗ ಯಾರ ಹೇಳಿದ್ರು ಅದಾಳಂತ?”

“ಹೆಂಗ ಸತ್ರು?”

“ಎದಿ ಹಿಡಕೊಂಡು ಕುಂತ್ಳು. ಮಿರಜಕ್ಕ ಒಯ್ಯೂದ್ರಾಗ ಗಾಡ್ಯಾಗ, ನನ್ನ ತೊಡಿಮ್ಯಾಲ ಹೋತ್ರಿ ಜೀವ. ಡಾಕ್ಟರೂ ನೋಡಿದ್ರು. ಸಂಶೇ ಪಡೂ ಸಾವಲ್ರಿ ಅದು.”

“ಪುಸ್ತಕ?”

“ನಾವು ಇಲ್ಲಿ ಕುಂತು ಆಡಿದ ಮಾತ ಎಲ್ಲಾ ಬರಕೊಂಡಿದ್ಳು. ಆಕಿ ತಿಥಿ ದಿವಸಾ ಮಾಡಿದ ಮರದಿನ ನಿಪ್ಪಾಣಿ ಪ್ರೆಸ್ಸಿನ್ಯಾಂವ ಗಂಟು ತಂದು ಇಳಿಸಿದ. ಕತಿ ನಮ್ಮವಂತ. ಓದಿ ಹೇಳಾಕಿ ಇಲ್ಲ.” ಸೆರಗಿಗೆ ಅಂಟಿದ ಕಡ್ಡಿಯೊಂದನ್ನು ಕಿತ್ತು ಎಸೆದಳು. “ಆಕಿ ಗಂಡರೆ ಯಾರ ಕೂಡ ಮಾತಾಡ್ತಾನ? ಮಾತಾಡಸಾಕ ಹೋದ್ರ ಶೆಡ್ಡಿನಾಗ ಹೊಕ್ಕೋತಾನ. ಅವತ್ತಿಂದ ಆಕಿ ಹೆಸರ ಬಾಯಾಗ ತಗದಿಲ್ಲ.”

ಶೆಡ್ಡಿನ ತುದಿಯ ಮನೆಯಲ್ಲಿ ಬಾಬಾಸಾಹೇಬ ಒಬ್ಬನೇ ಇದ್ದ. ಮಕ್ಕಳಿಲ್ಲ. ಗೋಡೆಯ ಮೇಲೆ ಹೆಂಡತಿಯ ಫೋಟೋ, ಹಾರ ಹಾಕಿರಲಿಲ್ಲ.

“ಬರ್ರಿ. ಚಾ ಇಡ್ತೀನಿ.”

“ಚಾ ಬ್ಯಾಡ. ಗೌರಾಬಾಯಿ ಎಲ್ಲಿ?”

“ಹೊಲಕ್ಕ...” ಎಂದವನು ಬಾಗಿಲಾಚೆ ನಿಂತ ಮಂಗಲಳನ್ನು ಕಂಡು ನಿಲ್ಲಿಸಿದ. ಕಿಸೆಯಿಂದ ನೀಲಿ ಪೆನ್ನು ತೆಗೆದು ಮೇಜಿನ ಮೇಲಿಟ್ಟ. ಅದರ ಪಕ್ಕ ಒಂದು ಸ್ಕ್ರೂ. “ಇದೂ ತಗೋರಿ. ಕೆಳಗ ಬಿದ್ದು ಎಲ್ಲೋ ಉರಳಿತ್ತು. ಮನೀಗೆ ಬಂದ ಮ್ಯಾಲ ಚಪ್ಲ್ಯಾಗ ಸಿಕ್ತು.”

ಎರಡನ್ನೂ ಪಂಚರೆದುರು ಜಪ್ತಿ ಮಾಡಿ, ಆರು ಗಂಟೆ ಹತ್ತು ನಿಮಿಷಕ್ಕೆ ಅವನನ್ನು ಬಂಧಿಸಲಾಯಿತು. ಮಂಗಲ ಜೀಪಿನ ತನಕ ಬಂದಳು.

ಠಾಣೆಯಲ್ಲಿ ಅವನು ಹೇಳಿದ್ದನ್ನು ಸಿದರಾಯ ಬರೆದುಕೊಂಡ.

ಸ್ಪರ್ಧೆಗೆ ಕಳಿಸಬೇಕೆಂಬುದು ಗೌರಾಬಾಯಿಯ ಆಸೆ. ಅಚ್ಚಾಗುವಾಗ ಆಕೆ ಬದುಕಿದ್ದಳು, ಆದ್ದರಿಂದ ‘ಸೌ.’ ಸುಳ್ಳಲ್ಲ. ಕಳಿಸುವಾಗ ಇರಲಿಲ್ಲ. ಇದ್ದಾಳೆಂದು ಬರೆದು ಅವಳ ಸಹಿ ತಾನೇ ಹಾಕಿದ. ಆಮೇಲೆ ಫೋನುಗಳು ಬರತೊಡಗಿದವು.

“ಮೇಡಮ್ಮಾರು ಅದಾರೇನ್ರಿ ಅಂತ ಕೇಳವ್ರು. ಹೊಲಕ್ಕ ಹೋಗ್ಯಾಳ ಅಂತಿದ್ದೆ. ಹಂಗ ಅಂದ ದಿನ, ಸಂಜಿಗಿ ಬರತಾಳಂತನ ಅನಸ್ತಿತ್ರಿ.”

“ಮತ್ತ ಯಾಕ ಕೆಡಿಸಿಕೊಂಡ್ರಿ?”

“ಕಾಗವಾಡದಾವರು ಕಡೀ ಪುಸ್ತಕ ಅಂದ್ರು. ಬರೂದು ಬದುಕಿದಾವರಿಗೆ ಬರ್ಲಿ ಅನಿಸ್ತು. ಹೆಸರ ಹೇಳದ ಬಳಗಕ್ಕ ಫೋನ್ ಮಾಡಿ, ಪುಸ್ತಕ ವಾಪಸ್ ತಗೋತೀವಿ ಅಂದೆ. ಬರದವರ ಬಂದು ಹೇಳಬೇಕು ಅಂದ್ರು.”

“ತೀರಿಕೊಂಡಾರ ಅನಬೇಕಿತ್ತು.”

ಬಾಬಾಸಾಹೇಬ ಬೆರಳಿಗೆ ಮೆತ್ತಿದ ದ್ರಾಕ್ಷಿಯ ಅಂಟನ್ನು ಉಜ್ಜಿಕೊಂಡ. “ಅದಕ್ಕ ಎರಡ ದಿನ ಬಂದು ಪಾವಟಿಗಿ ಮ್ಯಾಲ ಕುಂತೆ. ಬಾಯಾಗ ಬರಲಿಲ್ಲ. ಕೈಲೆ ಬರಿಯಾಕ ಬಂತು, ಬರದೆ.”

ಚೆಲುವೇಗೌಡರು ಬಾಗಿಲ ಬಳಿ ನಿಂತಿದ್ದರು. ದೂರು ಹಿಂಪಡೆಯಬಹುದೇ ಎಂದು ಆಗಲೇ ಕೇಳಿ, ಅದು ಇನ್ನು ಕೋರ್ಟಿನ ಕೆಲಸ ಎಂಬ ಉತ್ತರ ಪಡೆದಿದ್ದರು. “ಮೂವರು ತೀರ್ಪುಗಾರರೂ ಇದನ್ನೇ ಮೊದಲು ಅಂತ ಬರೆದಿದ್ರು,” ಎಂದರು ತಗ್ಗಿದ ದನಿಯಲ್ಲಿ. “ಈಗ ಕೊಡೋಕಾಗಲ್ಲ. ನಿಯಮ.”

ಬಾಬಾಸಾಹೇಬ ಮೊದಲ ಸಲ ತಲೆಯೆತ್ತಿದ. “ಓದ್ಯಾರೇನ್ರಿ? ಪೂರಾ?”

“ಪೂರಾ ಓದಿದ್ದಾರೆ. ನಾನೂ ಓದಿದೀನಿ.”

ಬಾಬಾಸಾಹೇಬ ತಲೆಯಾಡಿಸಿದ.

ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸುವುದೊಂದು ಉಳಿದಿತ್ತು. ದಾನೇಶ್ವರಿ ಠಾಣೆಯ ಫೋನು ಎತ್ತಿಕೊಂಡು ನಂಬರು ಕೇಳಿದಳು. ಅವನು ರೂಢಿಯಂತೆ, ಯೋಚಿಸದೆ, ಗಡಗಡ ಹೇಳಿದ. ಅವಳು ಒತ್ತಿದಳು. ಮೇಜಿನ ಮೇಲೆ, ಪೆನ್ನು ಮತ್ತು ಸ್ಕ್ರೂ ಪಕ್ಕದಲ್ಲಿ, ಅವನ ಕಿಸೆಯಿಂದ ತೆಗೆಸಿಟ್ಟ ಫೋನು ರಿಂಗಣಿಸತೊಡಗಿತು. ಗೌರಾಬಾಯಿಯ ಫೋನು ಅದು. ಐದು ತಿಂಗಳಿಂದ ಅವನ ಕಿಸೆಯಲ್ಲೇ ಇತ್ತು.

ದಾನೇಶ್ವರಿ ಗಾಬರಿಯಾಗಿ ಇಡಲು ಹೋದಳು. ಬಸವಂತ ಬೇಡವೆಂದು ಕೈ ಮಾಡಿದರು.

“ಎತ್ತಲೇನ್ರಿ?” ಬಾಬಾಸಾಹೇಬ ಕೇಳಿದ.

“ಎತ್ತರಿ.”

ಅವನು ಫೋನನ್ನು ಕಿವಿಗಿಟ್ಟುಕೊಂಡ. ಮೇಜಿನ ಆಚೆ ನಿಂತವಳತ್ತ ನೋಡಲಿಲ್ಲ, ಗೋಡೆಯತ್ತ ನೋಡಿದ.

“ಗೌರಾಬಾಯಿ ಇಲ್ರಿ,” ಎಂದ. “ತೀರಿಕೊಂಡಾಳ್ರಿ.”

ದಾನೇಶ್ವರಿ ರಿಸೀವರನ್ನು ಎರಡೂ ಕೈಯಿಂದ ಹಿಡಿದಳು.

“ಅಯ್ಯ, ಯಾವಾಗ್ರಿ ಕಾಕಾ?” ಎಂದಳು.

ಅವನು ಹೇಳತೊಡಗಿದ. ಬಸವಂತ ಎದ್ದು ಹೋಗಿ ವೈರ್‌ಲೆಸ್ಸಿನ ಸದ್ದು ಕಡಿಮೆ ಮಾಡಿದರು.