ಮಾಸ್ಕಿನೊಳಗಿನ ಮೀಸೆ

ಹಳೇ ಮಾಸ್ಕ್ ಇರಬೇಕು ಅಂತ ಮಾತ್ರ ಅನ್ನಬೇಡಿ. ಕವರ್ ಹರಿದು ಹೊಸದನ್ನು ತೆಗೆದದ್ದು ನನ್ನ ಕಣ್ಣೆದುರೇ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದ್ದ ನಮ್ಮಪ್ಪನಿಗೆ ಮಷೀನಿನಿಂದ ಗಾಳಿ ಒತ್ತುತ್ತಿದ್ದರು. ಮಾಸ್ಕಿನ ಅಂಚಿನಿಂದ ಗಾಳಿ ತಣ್ಣಗೆ ಸೋರುತ್ತಲೇ ಇತ್ತು.

“ಮೀಸೆ ಇದ್ರೆ ಮಾಸ್ಕ್ ಸರಿಯಾಗಿ ಕೂರಲ್ಲ, ಬೋಳಿಸಿ ಅಂತ ಎಷ್ಟು ಸಲ ಹೇಳೋದು?” ನರ್ಸ್ ನನ್ನ ಮೇಲೇ ರೇಗಿದಳು.

ನನಗೆ ಮೈಯೆಲ್ಲ ಉರಿಯಿತು. “ಕಣ್ಣು ಬಿಟ್ಟು ನೋಡಿ! ನಮ್ಮಪ್ಪ ಜನ್ಮದಲ್ಲೇ ಮೀಸೆ ಬಿಟ್ಟವರಲ್ಲ.”

ಅವಳು ಬಗ್ಗಿ ನೋಡಿದಳು. ಆಮೇಲೆ ಆ ಕೋಣೆಗೆ ಅವಳು ಬರಲೇ ಇಲ್ಲ.

ಸಂಜೆ ಅಪ್ಪ ಚೇತರಿಸಿಕೊಂಡರು. ಡಾಕ್ಟರು ಮಾಸ್ಕ್ ಬಿಚ್ಚಿ ಮಷೀನ್ ಆಫ್ ಮಾಡಿದರು. ಅಪ್ಪ ಎದ್ದು ಕೂತವರೇ ಸಿಡುಕಿದರು: “ಪಕ್ಕದಲ್ಲಿ ಮಲಗಿದ್ನಲ್ಲ, ಅವನಿಗೆ ಬುದ್ಧಿ ಹೇಳೇ. ನನ್ನ ಗಾಳೀನೆಲ್ಲ ಅವನೇ ಎಳ್ಕೊಂಡ.”

ಆ ಕೋಣೆಯಲ್ಲಿ ಇದ್ದದ್ದೇ ಒಂದು ಮಂಚ.

ದಿಂಬಿನ ಮೇಲಿದ್ದ ಮಾಸ್ಕಿನೊಳಗೆ ಉಸಿರಿನ ಮಂಜು ಕಟ್ಟುತ್ತಿತ್ತು, ಕರಗುತ್ತಿತ್ತು. ಅಂಚಿಗಂಟಿದ್ದ ಮೀಸೆಯ ಬಿಳಿ ಕೂದಲೊಂದು ಅದರ ಜೊತೆಗೇ ಅಲುಗುತ್ತಿತ್ತು.