ಬಾಲ ದಾಟುವವರೆಗೆ ಕಂಬ ಕದಲಬಾರದು

“ನೀವೇನಾ ಕೊನೆ?”

ಆಲಿಕಲ್ಲು ಹೆಲ್ಮೆಟ್ಟಿನ ಮೇಲೆ ಟಪಟಪ ಬಡಿಯುತ್ತಿತ್ತು. ಕೆನೆವೆ ಬೈಕು ನಿಲ್ಲಿಸಿ, ಕಾಲೂರಿ, ಗಾಜು ಒರೆಸಿಕೊಂಡು ನೋಡಿದಳು. ರಸ್ತೆ ಎರಡಾಗುವ ಕಡೆ ಉದ್ದನೆಯ ಗಂಡಸೊಬ್ಬ ಎಡದ ದಾರಿಯತ್ತ ಕೈ ಚಾಚಿ ನಿಂತಿದ್ದ. ಚಾಚಿದ ತೋಳಿನಿಂದ ನೀರು ಸೂರಿನಿಂದ ಇಳಿದಂತೆ ಇಳಿಯುತ್ತಿತ್ತು.

“ನನ್ನ ಹಿಂದೆ ಯಾರಾದ್ರೂ ಕಾಣಿಸ್ತಿದ್ದಾರಾ?” ಅವಳು ತುಸು ಗಡಸಾಗಿಯೇ ಕೇಳಿದಳು.

“ಈ ಮಳೇಲಿ ನನ್ನ ಕೈಯೇ ನನಗೆ ಕಾಣಿಸ್ತಿಲ್ಲ ಔಸಿ. ಅದಕ್ಕೇ ಕೇಳಿದ್ದು.” ಗುರುತಿಲ್ಲದವರಿಗೆ ಅವಳು ಔಸಿ, ಅಂದರೆ ಅಕ್ಕ.

ದಾರಿಯಲ್ಲಿ ಯಾರದೋ ಪಂಕ್ಚರ್ ಹಾಕುತ್ತ ಅವಳಿಗೆ ಮುಕ್ಕಾಲು ಗಂಟೆ ತಡವಾಗಿತ್ತು. ಅಷ್ಟು ಹೊತ್ತೂ ಈ ಮನುಷ್ಯ ಇಲ್ಲೇ ನಿಂತಿದ್ದನೇ? ಹತ್ತು ಹೆಜ್ಜೆ ದೂರದಲ್ಲಿ ಸೂರಿರುವ ಕುರಿದೊಡ್ಡಿ ಇತ್ತು. ಅದರ ಕೆಳಗೆ ನಿಲ್ಲಬಹುದಿತ್ತಲ್ಲ ಎಂದಳು.

“ಅಲ್ಲಿ ನಿಂತ್ರೆ ನೀವು ನನ್ನ ನೋಡ್ದೇ ಹೋಗ್ಬಿಡ್ತಿದ್ರಿ.”

ಕೆನೆವೆ ಗಾಜನ್ನು ಮತ್ತೊಮ್ಮೆ ಒರೆಸಿಕೊಂಡು ಅವನನ್ನು ಸರಿಯಾಗಿ ನೋಡಿದಳು.

ನಮ್ಮ ಮಸೇರು ನಗರದ ಬೈಕ್ ಗುಂಪಿಗೆ ಇರುವುದು ಒಂದೇ ಕಾನೂನು. ನಾವೆಲ್ಲ ನ್ತಾತೆ, ಅಂದರೆ ಅಪ್ಪ, ಎಂದು ಕರೆಯುವ ಮುಂದಾಳು ಪೊಶೋಲಿ ಪ್ರತಿ ಕವಲಿನಲ್ಲೂ ಒಬ್ಬನನ್ನು ನಿಲ್ಲಿಸಿ ಹೋಗುತ್ತಾರೆ. ಹಿಂದೆ ಬರುವವರಿಗೆ ದಾರಿ ತೋರಿಸುವುದು ಅವನ ಕೆಲಸ. ಅವನು ಕಂಬ. ಎಲ್ಲರಿಗಿಂತ ಹಿಂದೆ, ರಿಪೇರಿ ಸಾಮಾನು ಹೊತ್ತು ಬರುವವರು ಬಾಲ. ಬಾಲ ದಾಟುವವರೆಗೆ ಕಂಬ ಕದಲಬಾರದು. ದಾಟಿದ ಮೇಲೆ ಇಬ್ಬರೂ ಜೊತೆಯಾಗಿ ಬರಬಹುದು. ಇಷ್ಟೇ. ಇಪ್ಪತ್ತು ವರ್ಷಗಳಲ್ಲಿ ನಾವು ಒಬ್ಬರನ್ನೂ ಬೆಟ್ಟದ ಮೇಲೆ ಬಿಟ್ಟುಬಂದಿಲ್ಲ.

ಕೆನೆವೆ ವಾರದಲ್ಲಿ ಆರು ದಿನ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿಯುತ್ತಾಳೆ. ಏಳನೆಯ ದಿನ ಅವಳೇ ನಮ್ಮ ಬಾಲ. ಆ ಕಂಬದ ಹೆಸರು ಮೊಲೆಫಿ. ಹಳ್ಳಿಹಳ್ಳಿ ಸುತ್ತಿ ಕುರಿಗಳಿಗೆ ಚುಚ್ಚುಮದ್ದು ಹಾಕುವವನು, ಗುಂಪಿಗೆ ಹೊಸಬ.

ಅಂದಿನಿಂದ ಒಂದು ವಿಚಿತ್ರ ಶುರುವಾಯಿತು. ಕಂಬವಾಗಲು ಯಾರಿಗೂ ಇಷ್ಟವಿಲ್ಲ, ಮೊಲೆಫಿ ಮಾತ್ರ ಪ್ರತಿ ಸಲ ಕೈ ಎತ್ತುತ್ತಿದ್ದ! ಅದರಲ್ಲೂ ಕೊನೆಯ ಕವಲೇ ಬೇಕು ಅವನಿಗೆ. ಕುರಿಗಳ ಜೊತೆ ನಿಂತೂ ನಿಂತೂ ಇವನಿಗೆ ನಿಲ್ಲುವುದೇ ರೂಢಿಯಾಗಿದೆ ಎಂದು ಹುಡುಗರು ಛೇಡಿಸಿದರು. ಪೊಶೋಲಿ ಮಾತ್ರ ಮೀಸೆಯಲ್ಲೇ ನಗುತ್ತಿದ್ದರು.

ಎಂಥ ದಿನಗಳು ಅವು! ಬೆಟ್ಟದ ನೆತ್ತಿಯಲ್ಲಿ ಸಿಡಿಲು ಹೊಡೆದಾಗ ಬೈಕುಗಳನ್ನು ಬಿಟ್ಟು ಹುಲ್ಲಿನ ಮೇಲೆ ಬೋರಲು ಮಲಗಿದ್ದು... ಗಾಳಿ ತೂರದಂತೆ ಜಾಕೆಟ್ಟಿನೊಳಗೆ ಹಳೆಯ ಪತ್ರಿಕೆ ತುಂಬಿಕೊಂಡು, ಸಂಜೆ ಬಿಚ್ಚಿದಾಗ ಅವಳ ಅಂಗಿಯ ಮೇಲೆ ಸುದ್ದಿಯೆಲ್ಲ ಅಚ್ಚಾಗಿದ್ದು... ರಸ್ತೆ ಬದಿಯಲ್ಲಿ ಬಿಸಿ ಮಕ್ವೆನ್ಯಾ ಕೊಂಡು, ಆ ಕರಿದ ಉಂಡೆಗಳನ್ನು ಮೊದಲು ಕೈಗವಸಿನೊಳಗೆ ತುರುಕಿ ಬೆರಳು ಕಾಯಿಸಿ, ಆಮೇಲೆ ತಿಂದಿದ್ದು. ಒಮ್ಮೆ ಮೊಲೆಫಿ ತನ್ನ ಪಾಲಿನದನ್ನೂ ಅವಳ ಗವಸಿಗೆ ತುರುಕಿದ. ಅಂದೇ ಇರಬೇಕು, ‘ಔಸಿ’ ಹೋಗಿ ‘ಕೆನೆವೆ’ ಬಂದದ್ದು.

ಆದರೆ ಅವನು ಬಾಯಿಬಿಟ್ಟು ಏನೂ ಹೇಳಲಿಲ್ಲ. ‘ನಿಲ್ಲೋದು ಗೊತ್ತು, ನುಡಿಯೋದು ಗೊತ್ತಿಲ್ಲ...’ ಎಂದು ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಸಿಡುಕುತ್ತಿದ್ದಳು.

ಜುಲೈ ಬಂತು, ನಮ್ಮಲ್ಲಿ ನಡುಚಳಿಗಾಲ. ವರ್ಷದ ದೊಡ್ಡ ಸವಾರಿ, ಬೆಟ್ಟಗಳ ನಡುವಿನ ಮೊಖೋಟ್ಲಾಂಗ್ ಪಟ್ಟಣಕ್ಕೆ. ಹಿಂದಿನ ದಿನ ಅವಳ ಕಿವಿಗೆ ಸುದ್ದಿ ಬಿತ್ತು: ಮೊಲೆಫಿಗೆ ಗಡಿಯಾಚೆ ಡರ್ಬನ್ನಿನಲ್ಲಿ ಕೆಲಸ ಸಿಕ್ಕಿದೆ. ಎಲ್ಲರಿಗೂ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ!

ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಅವನು ಹತ್ತಿರ ಬಂದು ಏನೋ ಹೇಳಬೇಕು ಎಂದ. ಅವಳು ಹೇಳಗೊಡಲಿಲ್ಲ.

“ಏನೂ ಬೇಡ. ನೀನು ನಿಲ್ಲೋ ಪೈಕಿ ಅಲ್ಲ ಅಂತ ಗೊತ್ತಾಯ್ತು.”

ಹೆಲ್ಮೆಟ್ ಹಾಕಿ ಟಪ್ಪನೆ ಗಾಜು ಇಳಿಸಿದಳು. ಒಳಗೆ ಕಣ್ಣು ಉರಿಯುತ್ತಿತ್ತು.

ಹತ್ತು ಗಂಟೆಗೆ ಹಿಮ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ರಸ್ತೆ ಯಾವುದು, ಗುಡ್ಡ ಯಾವುದು ತಿಳಿಯದಷ್ಟು ಬಿಳುಪು. ಮುಂದಿದ್ದವರೆಲ್ಲ ದಾಟಿಯಾಗಿತ್ತು. ಕೆನೆವೆಯ ಸರದಿಗೆ ಸರಿಯಾಗಿ ಲಾರಿಯೊಂದು ಜಾರಿ ರಸ್ತೆಗೆ ಅಡ್ಡ ನಿಂತುಬಿಟ್ಟಿತು. ಕಂಬಳಿ ಹೊದ್ದ ಕುರುಬನೊಬ್ಬ ಅವಳಿಗೆ ಹೊಳೆಯಂಚಿನ ಕಾಲುದಾರಿ ತೋರಿಸಿದ. ಅದು ನೇರ ಪಟ್ಟಣಕ್ಕೇ ಸೇರುತ್ತಿತ್ತು. ಬಿದ್ದು, ಎದ್ದು, ಒಂದೂವರೆ ಗಂಟೆ ತಡವಾಗಿ ಅವಳು ಮೊಖೋಟ್ಲಾಂಗ್ ಮುಟ್ಟಿದಾಗ ಗುಂಪು ಒಲೆಯ ಸುತ್ತ ಕೂತು ಪಾಪಾ ಮುದ್ದೆ, ಸೊಪ್ಪು ತಿನ್ನುತ್ತಿತ್ತು.

ಬಾಲ ಬಂತು ಎಂದು ಎಲ್ಲರೂ ತಟ್ಟೆ ಬಡಿದರು. ಬಾಲ ಬಂತೆಂದರೆ ಎಣಿಕೆ ಮುಗಿಯಿತು ಎಂದರ್ಥ.

ಮೊಲೆಫಿ ಇರಲಿಲ್ಲ.

ಕೊನೆಯ ಕವಲಿನಲ್ಲಿ ಅವನೇ ಕಂಬ ಎಂದು ಒಬ್ಬ ಹೇಳಿದ. ಅಲ್ಲಿಂದ ಒಂದು ದಾರಿ ಊರಿಗೆ, ಇನ್ನೊಂದು ಗಡಿಗೆ. ನೀನು ದಾಟಿದ ಮೇಲೆ ಅವನು ಗಡಿಯ ದಾರಿ ಹಿಡಿದಿರಬೇಕು, ಡರ್ಬನ್ ಕರೆಯುತ್ತಿದೆಯಲ್ಲ ಎಂದ ಇನ್ನೊಬ್ಬ.

ತಾನು ಆ ಕವಲು ದಾಟಲೇ ಇಲ್ಲ ಎಂದು ಕೆನೆವೆ ಹೇಳಲಿಲ್ಲ. ಅಷ್ಟು ಹಿಮದಲ್ಲಿ ಯಾರು ತಾನೆ ಇಷ್ಟು ಹೊತ್ತು ನಿಲ್ಲುತ್ತಾರೆ? ಬೆಳಿಗ್ಗೆ ತಾನಾಡಿದ ಮಾತು ನಿಜವಾಯಿತು, ಅಷ್ಟೇ... ಗೆದ್ದೆ ಅಂದುಕೊಂಡಳು. ತಟ್ಟೆಯ ಮುದ್ದೆಯನ್ನು ಬೆರಳಲ್ಲಿ ಒತ್ತುತ್ತ ಕೂತಳು.

ಆಗ ಬಾಗಿಲು ತಳ್ಳಿಕೊಂಡು ದಪ್ಪನೆಯ ಹೆಂಗಸೊಬ್ಬಳು ಒಳಬಂದಳು. ಗಡಿ ಕಡೆಯಿಂದ ಉಣ್ಣೆ ತರುವ ಪಿಕಪ್ಪಿನ ಚಾಲಕಿ. ಬೂಟಿನ ಹಿಮ ಒದರುತ್ತಲೇ ಶುರು ಮಾಡಿದಳು.

“ನಿಮ್ಮವನೇನಪ್ಪಾ ಅಲ್ಲಿ ನಿಂತಿರೋ ಹುಚ್ಚ? ಹತ್ಕೋ ಅಂದ್ರೆ ಹತ್ತಲ್ಲ. ಹಿಂದೆ ಒಬ್ಳು ಬರ್ತಾಳೆ, ಅವಳು ದಾಟೋವರೆಗೂ ಕದಲೋ ಹಾಗಿಲ್ಲ ಅಂತಾನೆ. ಹುಬ್ಬೆಲ್ಲಾ ಬೆಳ್ಳಗಾಗಿದೆ. ಕೈ ಮಾತ್ರ ಇಳಿಸಿಲ್ಲ ನೋಡಿ.”

ಕೆನೆವೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

‘ಅಯ್ಯೋ... ನಾನು ಒಲೆ ಮುಂದೆ ಕೂತಿದ್ದೀನಿ. ಅವನು ನನಗಾಗಿ ನಿಂತಿದ್ದಾನೆ!’

ಪೊಶೋಲಿ ನಾಲ್ಕು ಜನ ಗಟ್ಟಿಗರನ್ನು ಕಳಿಸುತ್ತೇನೆ, ನೀನು ಕೂರು ಎಂದರು. ಅವಳಾಗಲೇ ಗವಸು ಹಾಕುತ್ತಿದ್ದಳು.

“ಹತ್ತು ಜನ ಹೋದ್ರೂ ಅವನು ಬರಲ್ಲ ನ್ತಾತೆ. ಬಾಲ ನಾನು. ನಾನೇ ದಾಟಬೇಕು.”

ಏಳು ಕಿಲೋಮೀಟರ್. ಮುಂದಿನ ಚಕ್ರ ಮೂರು ಸಲ ಜಾರಿತು, ಎರಡು ಸಲ ಅವಳು ಬಿದ್ದಳು. ಎರಡೂ ಸಲ ಬೈಕನ್ನು ಬೆನ್ನು ಕೊಟ್ಟು ತಾನೇ ಎತ್ತಿದಳು. ಹಿಂದೆ ಪಿಕಪ್ಪಿನ ಹೆಂಗಸು ನಿಧಾನವಾಗಿ ಬರುತ್ತಿದ್ದಳು, ಕಂಬಳಿಗಳನ್ನು ಹೇರಿಕೊಂಡು. ಕಾಲೆರಡನ್ನೂ ನೆಲಕ್ಕೆ ಸವರುತ್ತ, ಮೊದಲನೇ ಗೇರಿನಲ್ಲಿ, ಹಲ್ಲು ಕಚ್ಚಿ ಕೆನೆವೆ ಏರು ಹತ್ತಿದಳು. ಹಿಮವೇ, ಬಾ, ಎಷ್ಟು ಬೀಳುತ್ತೀಯೋ ಬೀಳು... ಇವತ್ತು ನಾನು ತಲುಪಿಯೇ ತಲುಪುತ್ತೇನೆ!

ತಲುಪಿದಳು.

ಬಿಳುಪಿನ ನಡುವೆ ಒಂದು ಕಪ್ಪು ಗೆರೆ. ಅದಕ್ಕೊಂದು ಚಾಚಿದ ಕೈ, ಊರಿನ ಕಡೆಗೆ.

ಮೊಲೆಫಿ ಅವಳನ್ನು ನೋಡಿದ. ತಪ್ಪು ದಿಕ್ಕಿನಿಂದ ಬರುತ್ತಿದ್ದಾಳೆ! ಗುರುತು ಸಿಕ್ಕಿತು, ಕಣ್ಣು ಅರಳಿತು, ಆದರೆ ಕೈ ಇಳಿಯಲಿಲ್ಲ. ಕಾನೂನು ಕಾನೂನೇ.

ಕೆನೆವೆಗೆ ಅರ್ಥವಾಯಿತು. ಅವಳು ನಿಲ್ಲಲಿಲ್ಲ. ಅವನ ಪಕ್ಕದಿಂದಲೇ ಮುಂದೆ ಹೋದಳು, ಮಸೇರುವಿನ ದಾರಿಯಲ್ಲಿ ಇನ್ನೂರು ಗಜ ಏರಿದಳು, ತಿರುಗಿದಳು. ಈಗ ಸರಿಯಾದ ದಿಕ್ಕಿನಿಂದ, ಬಾಲ ಬರಬೇಕಾದ ಹಾಗೆ, ಮೆಲ್ಲಗೆ ಇಳಿದು ಬಂದು ಅವನ ಮುಂದೆ ನಿಂತಳು.

“ನೀವೇನಾ ಕೊನೆ?” ಅವನ ತುಟಿ ಮರಗಟ್ಟಿತ್ತು. ಆದರೂ ನಗು ಕಾಣಿಸಿತು.

“ನಾನೇ... ಇನ್ನು ಕೈ ಇಳಿಸು ಮಾರಾಯಾ.”

ಇಳಿಸಲು ಅವನಿಂದಾಗಲಿಲ್ಲ. ತೋಳು ಸೆಟೆದುಹೋಗಿತ್ತು. ಕೆನೆವೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಬಗ್ಗಿಸಿದಳು. ಬೆರಳುಗಳನ್ನು ತನ್ನ ಜಾಕೆಟ್ಟಿನೊಳಗೆ, ಪತ್ರಿಕೆಯ ಹಾಳೆಗಳ ನಡುವೆ ಸೇರಿಸಿಕೊಂಡಳು. ಅಳು ತಾನಾಗಿಯೇ ಬಂತು.

“ಡರ್ಬನ್?” ಎಂದಳು.

“ಬೇಡ ಅಂತ ಬರೆದು ಹಾಕಿ ಒಂಬತ್ತು ದಿನ ಆಯ್ತು.”

“ಬೆಳಿಗ್ಗೆ ಹೇಳೋಕೇನಾಗಿತ್ತು?”

“ನೀನು ಹೆಲ್ಮೆಟ್ ಹಾಕ್ಕೊಂಡುಬಿಟ್ಟೆ.”

ಅವಳು ಅಳುತ್ತಲೇ ನಕ್ಕಳು. ಈಗ ಹೆಲ್ಮೆಟ್ ತೆಗೆದಳು, ತೆಗೆದು ಹ್ಯಾಂಡಲ್ಲಿಗೆ ನೇತುಹಾಕಿದಳು. ಹಿಮ ಅವಳ ಜಡೆಯ ಮೇಲೆ ಬಿತ್ತು.

“ಈಗ ಹೇಳು.”

“ನಿನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ ಕೆನೆವೆ? ಒಂದು ವರ್ಷದಿಂದ ಕೊನೇ ಕವಲೇ ಕೇಳ್ತಾ ಬಂದಿದ್ದು ಯಾಕೆ ಅಂದ್ಕೊಂಡಿದ್ದೆ? ಅಲ್ಲಿಂದಾಚೆ ನಿನ್ನ ಜೊತೆ ಬರಬಹುದಲ್ಲಾ ಅಂತ.”

ಪಿಕಪ್ಪಿನ ಹೆಂಗಸು ಎರಡು ಸಲ ಹಾರನ್ ಒತ್ತಿದಳು. ಮದುವೆ ಮಾತುಕತೆ ಒಲೆ ಮುಂದೆ ಮುಗಿಸಿಕೊಳ್ಳಿ, ನನ್ನ ಇಂಜಿನ್ ತಣ್ಣಗಾಗುತ್ತಿದೆ ಎಂದು ಕೂಗಿದಳು.

ಮೊಲೆಫಿಯ ಬೈಕು ಪಿಕಪ್ಪಿನ ಉಣ್ಣೆಯ ಮೇಲೆ ಕೂತಿತು. ಅವನು ಎರಡು ಕಂಬಳಿ ಹೊದ್ದು ಕೆನೆವೆಯ ಹಿಂದೆ ಕೂತ, ಪಿಕಪ್ಪಿನ ಒಳಗೆ ಬೆಚ್ಚಗಿದ್ದರೂ ಅಲ್ಲಿಗೆ ಹೋಗಲಿಲ್ಲ. ಇಳಿಜಾರಿನಲ್ಲಿ ಅವಳು ಒಮ್ಮೆಯೂ ಜಾರಲಿಲ್ಲ.

ಊರ ಬಾಯಲ್ಲಿ ನಾವು ಹನ್ನೆರಡೂ ಜನ ರಸ್ತೆಯ ಎರಡೂ ಬದಿ ಬೈಕು ನಿಲ್ಲಿಸಿ, ದೀಪ ಹಚ್ಚಿ, ಹಾರನ್ ಒತ್ತುತ್ತಿದ್ದೆವು. ಪೊಶೋಲಿ ನಮ್ಮ ನಡುವೆ ನಿಂತು, ಬೆರಳು ಮಡಚಿ ಮೊದಲಿನಿಂದ ಎಣಿಸಿದರು. “ಹದಿಮೂರು... ಹದಿನಾಲ್ಕು. ಈಗ ಮುಗೀತು,” ಎಂದು ಮೀಸೆ ಒರೆಸಿಕೊಂಡರು.

ಒಲೆಯ ಮುಂದೆ ಕೆನೆವೆ ಎರಡು ಬಿಸಿ ಮಕ್ವೆನ್ಯಾ ತಂದು ಅವನ ಅಂಗೈಗಳಲ್ಲಿಟ್ಟು, ಮೇಲೆ ತನ್ನ ಕೈ ಮುಚ್ಚಿದಳು. ಆಮೇಲೆ ಕೇಳಿದಳು:

“ನಾನು ಬರದೇ ಹೋಗಿದ್ರೆ?”

ಅವನು ಅವಳನ್ನೇ ನೋಡಿದ. ಪ್ರಶ್ನೆಯೇ ಅರ್ಥವಾಗದವನ ಹಾಗೆ.

“ಬಂದೆಯಲ್ಲಾ...”