ಉಪ್ಪುನೀರಿಗೆ ಸೊನ್ನೆ ಕೊಟ್ಟವನು

"ನನ್ನ ಪ್ರಶ್ನೆಗೆ ಸೊನ್ನೆ ಕೊಟ್ಟ ಮಹಾನುಭಾವರು ಯಾರು?"

ಡಾಕ್ಟರ್ ಡಿಯೆಮ್‌ಳ ದನಿಗೆ ಕಾನ್ ಥೋ ನಗರದ ಆ ಸಭಾಂಗಣದಲ್ಲಿ ಎಲ್ಲರೂ ತಿರುಗಿ ನೋಡಿದರು.

ಬದಲಾಗುತ್ತಿರುವ ಹವಾಮಾನ ಮನುಷ್ಯರ ಆರೋಗ್ಯವನ್ನು ಹೇಗೆಲ್ಲ ಕೆಡಿಸುತ್ತಿದೆ, ಅದರಲ್ಲಿ ಜಗತ್ತು ಮೊದಲು ಯಾವುದನ್ನು ಸಂಶೋಧಿಸಬೇಕು ಎಂದು ತೀರ್ಮಾನಿಸಲು ಹಲವು ದೇಶಗಳ ವೈದ್ಯರು, ವಿಜ್ಞಾನಿಗಳು ಅಲ್ಲಿ ಸೇರಿದ್ದರು. ಒಬ್ಬರು ತಂದ ಪ್ರಶ್ನೆಗೆ ಉಳಿದವರು ಅಂಕ ಕೊಡಬೇಕು. ಮೇಲೆ ಬಂದ ಪ್ರಶ್ನೆಗಳ ಹಿಂದೆ ಇಡೀ ಜಗತ್ತೇ ನಿಲ್ಲುತ್ತದೆ. ಕೆಳಗೆ ಬಿದ್ದವು... ಅಷ್ಟೇ, ಮರೆತುಹೋದಂತೆ.

ಡಿಯೆಮ್‌ಳ ಪ್ರಶ್ನೆ ಕೆಳಗೆ ಬಿದ್ದಿತ್ತು!

ಕೊನೆಯ ಸಾಲಿನಲ್ಲಿ ತೆಳ್ಳಗಿನ ಒಬ್ಬ ಯುವಕ ಎದ್ದು ನಿಂತ.

"ನಾನು. ಖಾಯ್ ಅಂತ. ರಾಜಧಾನಿ ಹನೋಯ್‌ನಲ್ಲಿ ಆರೋಗ್ಯದ ಅಂಕಿಅಂಶ ನೋಡ್ಕೋತೀನಿ."

ಅವನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪರದೆಯ ಮೇಲೆ ಅಂಕಗಳಿದ್ದವೇ ಹೊರತು ಕೊಟ್ಟವರ ಹೆಸರಿರಲಿಲ್ಲ. ತಾನಾಗಿ ಎದ್ದು ಒಪ್ಪಿಕೊಂಡ ಆ ಧೈರ್ಯ ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಏಸಿ ಕೆಳಗೆ ಕೂತೋರಿಗೆ ನಲ್ಲಿ ತಿರುಗಿಸಿದ್ರೆ ಸಿಹಿನೀರು ಬರುತ್ತೆ. ನಮ್ಮ ಹೊಳೆಗೆ ಸಮುದ್ರ ನುಗ್ಗಿದ್ರೆ ನಿಮಗೇನು, ಅಲ್ವಾ?"

"ಕಾರಣ ಹೇಳ್ಲಾ?"

"ಕಾರಣ ನಾಳೆ!" ಸಭೆ ನಡೆಸುತ್ತಿದ್ದ ಫಿಲಿಪೀನ್ಸ್‌ನ ಹಿರಿಯ ವೈದ್ಯೆ ಲಿಗಾಯ ಮೇಜು ಕುಟ್ಟಿದರು. "ಇವತ್ತು ಬರೀ ಅಂಕ. ಕೂತ್ಕೊಳ್ಳಿ ಇಬ್ಬರೂ. ಮಗಳೇ, ಒಂದು ಲೋಟ ನೀರು ಕುಡಿ."

ಎಲ್ಲರೂ ನಕ್ಕರು. ಡಿಯೆಮ್ ನಗಲಿಲ್ಲ.

ಅವಳು ಹೊಳೆ ಸಮುದ್ರ ಸೇರುವ ಬಾ ತ್ರಿಯಲ್ಲಿ ಹೆರಿಗೆ ಮಾಡಿಸುವವಳು. ಬೇಸಿಗೆ ಬಂತೆಂದರೆ ಅಲ್ಲಿನ ಕಾಲುವೆಗಳಿಗೆಲ್ಲ ಉಪ್ಪು ಏರುತ್ತದೆ. ಅದನ್ನೇ ಕುಡಿಯುವ ಗರ್ಭಿಣಿಯರ ಬಿಪಿಯೂ ಏರುತ್ತದೆ. ಕಳೆದ ಬೇಸಿಗೆಯಲ್ಲಿ ನ್ಯೂಯೆತ್ ಎಂಬ ಹುಡುಗಿ ಎಂಟು ತಿಂಗಳ ಹೊಟ್ಟೆ ಹೊತ್ತು ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ದಳು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಉಪ್ಪುನೀರು ಕುಡಿಯುವ ಗರ್ಭಿಣಿಯರ ರಕ್ತದೊತ್ತಡ ಏರುತ್ತದೆಯೇ? ಇದೇ ಡಿಯೆಮ್ ತಂದಿದ್ದ ಪ್ರಶ್ನೆ. ಅದಕ್ಕೆ ಸೊನ್ನೆ!

ಮಧ್ಯಾಹ್ನ ಊಟದ ಹೊತ್ತಿಗೆ ನ್ಯೂಯೆತ್‌ಳ ಫೋನು. ಅವಳೀಗ ಮತ್ತೆ ಬಸುರಿ.

"ಡಾಕ್ಟರಕ್ಕಾ, ಮಳೆನೀರಿನ ಗುಡಾಣ ಖಾಲಿ. ಕಾಲುವೆ ನೀರು ಕುದಿಸಿದ್ರೆ ಉಪ್ಪು ಹೋಗುತ್ತಾ?"

"ಹೋಗಲ್ಲ ಕಣೇ! ಅದನ್ನ ಮುಟ್ಟಬೇಡ. ನಮ್ಮಮ್ಮನ ಮನೆಗೆ ಹೋಗು, ಅಲ್ಲಿ ಗುಡಾಣ ಅರ್ಧ ಇದೆ. ಹೆರಿಗೆ ಆಗೋವರೆಗೂ ಅಲ್ಲೇ ಇರು."

"ನನಗಾಯ್ತು ಅಕ್ಕ. ಪಕ್ಕದ್ಮನೆ ಲುವಾನೂ ಬಸುರಿ. ಅವಳಿಗೆ?"

"ನೋಡ್ತೀನಿ ಕಣೇ," ಎಂದಳು ಡಿಯೆಮ್. ಎಷ್ಟು ಜನರನ್ನು ಅಮ್ಮನ ಮನೆಗೆ ಕಳಿಸಲಿ...?

ಫೋನು ಕೆಳಗಿಟ್ಟಾಗ ಎದುರಿಗೆ ಅನ್ನ, ಹುರಿದ ಮೀನಿನ ತಟ್ಟೆ. ಹಿಡಿದು ನಿಂತವನು ಖಾಯ್!

"ನೀವು ಏನೂ ತಿಂದಿಲ್ಲ."

"ಊಟಕ್ಕೂ ಅಂಕ ಕೊಡ್ತೀರಾ?"

"ಮೀನಿಗೆ ಹತ್ತಕ್ಕೆ ಹತ್ತು."

ನಗು ತುಟಿಯವರೆಗೂ ಬಂತು. ಛೆ, ಇವನ ಮುಂದೆ ನಗಬಾರದು! ಅವಳು ಮುಖ ತಿರುಗಿಸಿದಳು. ಅವನು ತಟ್ಟೆ ಇಟ್ಟು ಹೋದ. ಹೋದ ಮೇಲೆ ಮೀನು ಪೂರ್ತಿ ಖಾಲಿಯಾಯಿತು.

ಮರುದಿನ ಬೆಳಿಗ್ಗೆ ಕಾರಣ ಹೇಳುವ ಸರದಿ.

"ಡಾಕ್ಟರ್ ಡಿಯೆಮ್ ಬರೆದಿದ್ದನ್ನೆಲ್ಲ ಓದಿದ್ದೀನಿ," ಎಂದ ಖಾಯ್. "ಬಿಪಿ ಏರುತ್ತೆ ಅಂತ ಅವರೇ ಚೆನ್ನಾಗಿ ತೋರಿಸಿದ್ದಾರೆ. ಅದನ್ನೇ ಮತ್ತೆ ಕೇಳಿದ್ರೆ ನಾವು ಆ ತಾಯಂದಿರ ಬಿಪಿ ಅಳೀತಾನೇ ಇರ್ತೀವಿ, ಅವರು ಉಪ್ಪು ಕುಡೀತಾನೇ ಇರ್ತಾರೆ. ಮಳೆನೀರು ಉಳಿಸ್ಕೊಂಡ ಮನೆ ಹೆಂಗಸರು ಆರಾಮಾಗಿರೋ ಹಾಗೆ ಕಾಣುತ್ತೆ ಅಂತ ಅವರೇ ಒಂದು ಕಡೆ ಬರೆದಿದ್ದಾರೆ. ಬರೆದು, ಮುಂದೆ ಹೋಗಿಬಿಟ್ಟಿದ್ದಾರೆ. ಜಗತ್ತು ಕೇಳ್ಬೇಕಾದ್ದು ಅದನ್ನ."

ಡಿಯೆಮ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. 'ಅವಳಿಗೆ?' ಎಂದು ನ್ಯೂಯೆತ್ ಕೇಳಿದ್ದೂ ಇದನ್ನೇ ಅಲ್ಲವೇ! ಇವನು ನನ್ನ ಪ್ರಶ್ನೆಯನ್ನು ತಳ್ಳಿಹಾಕಿದ್ದಲ್ಲ... ನಾನು ಕೇಳದೇ ಬಿಟ್ಟದ್ದನ್ನು ಹುಡುಕಿದ್ದು.

ಅವಳು ಎದ್ದಳು. ಜಗಳ ಶುರುವಾಯಿತೆಂದು ಲಿಗಾಯ ಮೇಜು ಕುಟ್ಟಲು ಕೈ ಎತ್ತಿದರು.

"ಅವರು ಹೇಳಿದ್ದು ಸರಿ. ನನ್ನ ಪ್ರಶ್ನೆ ವಾಪಸ್ ತಗೋತೀನಿ," ಎಂದಳು ಡಿಯೆಮ್. "ಹೊಸ ಪ್ರಶ್ನೆ ಬರ್ಕೊಳ್ಳಿ. ಬೇಸಿಗೆ ಪೂರ್ತಿ ಪ್ರತಿ ಗರ್ಭಿಣಿಗೂ ಮಳೆನೀರು ಸಿಗೋ ಹಾಗೆ ಮಾಡೋದು ಹೇಗೆ? ಹಾಗೆ ಮಾಡಿದ್ರೆ ಎಷ್ಟು ತಾಯಂದಿರು, ಎಷ್ಟು ಮಕ್ಕಳು ಉಳೀತಾರೆ?"

"ನಮ್ಮ ಕರಾವಳೀಲೂ ಇದೇ ಗೋಳು! ನಮ್ಮನ್ನೂ ಸೇರಿಸ್ಕೊಳ್ಳಿ!" ಬಾಂಗ್ಲಾದೇಶದ ವೈದ್ಯರೊಬ್ಬರು ಕೂತಲ್ಲಿಂದಲೇ ಕೂಗಿದರು.

ಮತ್ತೆ ಅಂಕ ಬಿದ್ದಾಗ ಆ ಪ್ರಶ್ನೆ ಎಲ್ಲಕ್ಕಿಂತ ಮೇಲಿತ್ತು. ಕೆಲಸ ಮೊದಲು ಶುರುವಾಗುವುದು ಬಾ ತ್ರಿಯಲ್ಲೇ ಎಂದೂ ತೀರ್ಮಾನವಾಯಿತು.

ಸಂಜೆ ಬಿಸಿಲಿನಲ್ಲಿ ನದಿಯ ದಡದಲ್ಲಿ ಖಾಯ್ ಒಬ್ಬನೇ ನಿಂತಿದ್ದ. ಡಿಯೆಮ್ ಎರಡು ಎಳನೀರು ತಂದು ಒಂದನ್ನು ಅವನ ಕೈಗಿಟ್ಟಳು.

"ಏಸಿ ಅಂತ ಅಂದಿದ್ದು... ತಪ್ಪಾಯ್ತು."

"ನಮ್ಮ ಆಫೀಸಿನ ಏಸಿ ಕೆಟ್ಟು ಯಾವ ಕಾಲ ಆಯ್ತೋ!"

ಈ ಸಲ ಅವಳು ಮನಸಾರೆ ನಕ್ಕಳು.

"ನಿನ್ನೆ ಸುಮ್ನೆ ಕೂರಬಹುದಿತ್ತಲ್ಲ. ಯಾಕೆ ಎದ್ರಿ?"

"ಕೂರಬಹುದಿತ್ತು. ಆದ್ರೆ ಸುಮ್ನೆ ಕೂತಿದ್ರೆ ನೀವು ಇಡೀ ಸಭೆಯನ್ನೇ ದ್ವೇಷ ಮಾಡ್ತಿದ್ರಿ. ನನ್ನೊಬ್ಬನ್ನೇ ಮಾಡ್ಲಿ ಅಂತ..."

ಡಿಯೆಮ್ ಅವನತ್ತ ತಿರುಗಿದಳು.

"ನಿಮ್ಮ ಲೇಖನದಲ್ಲಿ ಮಗು ಕಳ್ಕೊಂಡ ಆ ತಾಯಿ ಬಗ್ಗೆ ಒಂದು ವಾಕ್ಯ ಇದೆ," ಅವನು ನದಿ ನೋಡುತ್ತಲೇ ಹೇಳಿದ. "'ಆಕೆ ಮಗುವಿಗೆ ಹೆಸರು ಆರಿಸಿಟ್ಟಿದ್ದಳು' ಅಂತ. ಸಂಶೋಧನೆಯಲ್ಲಿ ಯಾರಾದ್ರೂ ಅದನ್ನ ಬರೀತಾರಾ? ಅದನ್ನ ಓದಿದ ದಿನದಿಂದ..."

"ದಿನದಿಂದ?"

"ಮುಂದೆ ಹೇಳೋಕೆ ಭಯ."

"ಸೊನ್ನೆ ಕೊಡೋಕೆ ಇದ್ದ ಧೈರ್ಯ ಇದಕ್ಕಿಲ್ವಾ?"

ಅವನು ತಿರುಗಿ ಅವಳನ್ನೇ ನೋಡಿದ. "ನೀನಂದ್ರೆ ನನಗೆ ತುಂಬಾ ಇಷ್ಟ, ಡಿಯೆಮ್."

ಅವಳ ಕೆನ್ನೆ ಬಿಸಿಯಾಯಿತು. ಎಷ್ಟು ಹಾಯಾಗಿದೆ ಈ ಮಾತು ಕೇಳೋಕೆ...!

"ನಮ್ಮೂರಲ್ಲಿ ಸೊಳ್ಳೆ ಜಾಸ್ತಿ," ಎಂದಳು ಮೆಲ್ಲಗೆ. "ನಮ್ಮಮ್ಮನ ಮಾತು ಅದಕ್ಕಿಂತ ಜಾಸ್ತಿ. ಬರ್ತೀಯಾ?"

"ಯಾವಾಗ ಹೊರಡೋಣ?"

"ಈಗ ಆಚೆ ದಡಕ್ಕೆ. ನಾಳೆ ಊರಿಗೆ."

ದಡದಲ್ಲಿ ಕಟ್ಟಿದ್ದ ಬಾಡಿಗೆ ದೋಣಿಗೆ ಅವಳೇ ಮೊದಲು ಇಳಿದಳು. ತಿರುಗಿ ಅವನತ್ತ ಕೈ ಚಾಚಿದಳು.

"ಹಿಡ್ಕೋ. ದೋಣಿ ಅಲ್ಲಾಡ್ತಿದೆ."

ಅವನು ಬಗ್ಗಿ ನೋಡಿದ. "ಅಲ್ಲಾಡ್ತಾನೇ ಇಲ್ವಲ್ಲ?"

"ಅಯ್ಯೋ ದೇವರೇ! ಹಿಡ್ಕೋ ಅಂದ್ರೆ ಹಿಡ್ಕೋಬೇಕಪ್ಪ...!"